ನೂಲಿನ ಕೋಣೆಯ ಥಿಯೇಟರ್

ಫೆಬ್ರವರಿ 2, 2025, ರವಿವಾರ

ನೂಲಿನ ಕೋಣೆ ಅಂತೂ ಖಾಲಿಯಾಯಿತು. ಬೆಳಿಗ್ಗೆ ಏಳರಿಂದ ಒಂದರವರೆಗೆ ನಾನು, ನಮ್ಮ ಹಳೆಯ ಕೆಲಸಗಾರ ಅಣ್ಣಾಸಾಬ, ಇಬ್ಬರೇ. ಹರಿದ ಚೀಲ, ಖಾಲಿ ನೂಲಿನ ಕೋನ್, ರಾಶಿ ಹತ್ತಿ ವೇಸ್ಟ್, ಒಂದು ಸತ್ತ ಇಲಿ. ಮಗ್ಗಗಳನ್ನು ಮಾರಿ ಎರಡು ವರ್ಷವಾಯಿತು, ಮನೆಯ ಈ ಕೋಣೆಯ ಕಡೆ ಯಾರೂ ತಲೆ ಹಾಕಿರಲಿಲ್ಲ. ಹನ್ನೆರಡು ಫೂಟು ಅಗಲ, ಹದಿನೆಂಟು ಉದ್ದ. ಒಂದೇ ಕಿಟಕಿ. ಥಿಯೇಟರಿಗೆ ಹೇಳಿ ಮಾಡಿಸಿದ ಹಾಗಿದೆ.

ಕಮಲಾ ನನಗೆ ತಲೆ ಕೆಟ್ಟಿದೆ ಎನ್ನುವಂತೆ ನೋಡುತ್ತಾಳೆ. ನೋಡಲಿ. ಶುರು ಮಾಡಿದವಳೇ ಅವಳು. ಟೀವಿ ಹಚ್ಚಿದರೆ ಸಾಕು —

“ರೀ, ಸೌಂಡ್ ಸಣ್ಣದ ಮಾಡ್ರಿ. ಇಡೀ ಓಣಿ ನಮ್ಮ ಮನಿ ಬಾತಮಿ ಕೇಳಾಕತ್ತೈತಿ.”

ಸಣ್ಣದು ಮಾಡಿದರೆ ನನಗೆ ಒಂದಕ್ಷರ ತಿಳಿಯುವುದಿಲ್ಲ. ಈಗಿನ ಟೀವಿಗಳೇ ಹಾಗೆ. ತಗಡಿನಷ್ಟು ತೆಳ್ಳಗೆ ಮಾಡಿ, ಸ್ಪೀಕರನ್ನು ಬೆನ್ನಿಗೆ ಇಟ್ಟಿರುತ್ತಾರೆ. ಸುದ್ದಿ ಕೇಳುವುದು ನಾನೋ, ಗೋಡೆಯೋ? ಆದರೆ ಇವರಿಗೆ ನನ್ನ ಕಿವಿಯ ಮೇಲೇ ಸಂಶಯ. ರಾಯಬಾಗಕ್ಕೆ ಕೊಟ್ಟ ಮಗಳು ಸ್ನೇಹಲಳದೂ ಅದೇ ರಾಗ. ಮೀರಜಿಗೆ ಹೋಗಿ ತೋರಿಸು, ಕಿವಿಗೆ ಮಷೀನು ಹಾಕಿಸು. ಸಾದಾ ಕಾಲ್ ಮಾಡಬೇಡ, ನೆಟ್‌ವರ್ಕ್ ಸರಿಯಿರುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ. ವಿಡಿಯೋ ಕಾಲಿನಲ್ಲಿ ಎಲ್ಲ ಸರಿಯಾಗಿ ಕೇಳಿಸುತ್ತದಲ್ಲ! ಕಿವಿ ಕೆಟ್ಟಿದ್ದರೆ ಅದು ಹೇಗೆ ಕೇಳಿಸಬೇಕು?

ನೆಟ್ಟಗಿರುವ ಸ್ಪೀಕರ್ ಇಟ್ಟು ಒಂದು ಕೋಣೆ ಮಾಡಿ ತೋರಿಸುತ್ತೇನೆ. ಆಮೇಲೆ ಯಾರ ಕಿವಿ ಹೇಗಿದೆ ನೋಡೋಣ.

ಫೆಬ್ರವರಿ 6, ಗುರುವಾರ

ಯೂಟ್ಯೂಬಿನಲ್ಲಿ ಒಬ್ಬ ಹೇಳುತ್ತಿದ್ದ — ಗೋಡೆಗೆ ತತ್ತಿಯ ಟ್ರೇ ಬಡಿಯಿರಿ, ಸೌಂಡ್ ಹೊರಗೆ ಹೋಗುವುದಿಲ್ಲ, ಇದಕ್ಕಿಂತ ಅಗ್ಗದ್ದು ಬೇರೆ ಇಲ್ಲ. ಅಣ್ಣಾಸಾಬನಿಗೆ ತೋರಿಸಿದ್ದೇ ತಪ್ಪಾಯಿತು. ನಮ್ಮ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಮಗ್ಗ ನಡೆಸಿದವನು, ಈಗ ವೈರಿಂಗ್ ಕೆಲಸ ಮಾಡುತ್ತಾನೆ, ಮನೆಯೂ ಪಕ್ಕದ್ದೇ. ನಾನು ಒಂದು ಹೇಳುವುದರೊಳಗೆ ಎರಡು ಮಾಡುವ ಮನುಷ್ಯ. ನಿಪ್ಪಾಣಿಗೆ ಹೋಗಿ ಅರವತ್ತು ಟ್ರೇ ಗಾಡಿಯ ಹಿಂದೆ ಕಟ್ಟಿಕೊಂಡು ಬಂದೇಬಿಟ್ಟ. ಕಮಲಾ ಹೊಸ್ತಿಲಲ್ಲೇ ತಡೆದಳು.

“ಜೈನರ ಮನಿ ಐತಿದು. ಬಳ್ಳೊಳ್ಳಿ ಒಳಗ ಬರೂದಿಲ್ಲ, ತತ್ತಿ ಟ್ರೇ ತಂದಿಯೇನೋ?”

“ಖಾಲಿ ಅದಾವ್ರಿ ವೈನಿ.”

“ಖಾಲಿ ಆಗೂಕಿಂತ ಮೊದ್ಲ ಏನಿತ್ತು ಅದರಾಗ?”

ಅಣ್ಣಾಸಾಬ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಟ್ರೇಗಳು ಬಂದ ಗಾಡಿಯಲ್ಲೇ ವಾಪಸ್ ಹೋದವು.

ಸಂಜೆ ಕಮಲಾ ತಾನೇ ಉಪಾಯ ಹೇಳಿದಳು. ಹಳೆಯ ಸೀರೆಗಳೊಳಗೆ ಆ ಹತ್ತಿ ವೇಸ್ಟ್ ತುಂಬಿ ಕೌದಿ ಹೊಲಿದುಕೊಡುತ್ತಾಳಂತೆ, ಗೋಡೆಗೆ ಮೊಳೆ ಹೊಡೆದು ಹಾಕಬೇಕಂತೆ. ಬೈಯುವುದು ಬೈಯುತ್ತಾಳೆ, ಮಾಡುವುದು ಮಾಡುತ್ತಾಳೆ. ಮೂವತ್ತೊಂದು ವರ್ಷದಿಂದ ಹೀಗೇ.

ಫೆಬ್ರವರಿ 15, ಶನಿವಾರ

ಇಚಲಕರಂಜಿಯಿಂದ ಪ್ರೊಜೆಕ್ಟರ್ ಬಂತು. ಸೆಕೆಂಡ್ ಹ್ಯಾಂಡ್. ಒಂದು ಮೂಲೆಯಲ್ಲಿ ಹಳದಿ ಕಲೆ ಇದೆ, ನಡೆಯುತ್ತದೆ. ಸ್ಪೀಕರುಗಳು ಮದುವೆ ಮಂಟಪದವನ ಹಳೆಯ ಡಬ್ಬಿಗಳು. ಇಬ್ಬರು ಎತ್ತಬೇಕು ಒಂದೊಂದನ್ನು. ಪರದೆಗೆ ದುಡ್ಡು ಹಾಕಲಿಲ್ಲ — ನಮ್ಮದೇ ಮಗ್ಗದ ಕೊನೆಯ ಬಿಳಿ ಬಟ್ಟೆ ಪೆಟ್ಟಿಗೆಯಲ್ಲಿತ್ತು, ಚೌಕಟ್ಟಿಗೆ ಬಿಗಿದೆವು. ಡಾಂಬರಿನ ಕಾಗದ ಹಚ್ಚಿ ಕಿಟಕಿ ಮುಚ್ಚಾಯಿತು. ಕೌದಿ ಹದಿನಾಲ್ಕು ಆಗಿವೆ, ಇನ್ನೂ ಎಂಟು ಬೇಕು. ಕಮಲಾಳ ಬಲಗೈ ಜುಂ ಅನ್ನುತ್ತದಂತೆ. ಬಿ.ಪಿ. ಗುಳಿಗೆ ತಪ್ಪಿಸಬೇಡ ಎಂದೆ. ಸೂಜಿಯ ದಾರ ಹಲ್ಲಿನಲ್ಲಿ ಕಡಿಯುತ್ತ, ನಿಮ್ಮ ಗುಳಿಗೆ ನೀವು ತಗೊಳ್ಳಿರಿ ಎಂದಳು.

ಫೆಬ್ರವರಿ 23, ರವಿವಾರ

ಬೆಳಿಗ್ಗೆ ಬಹಳ ಖುಷಿಯಲ್ಲಿದ್ದೆ. ಈಗ ಏನು ಬರೆಯಲಿ.

ಮೊದಲ ಶೋ. ಸ್ನೇಹಲ, ಅಳಿಯ ಸುಹಾಸ ಇಬ್ಬರೂ ಬಂದಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಎಲ್ಲರೂ ಒಳಗೆ. ಬಾಗಿಲು ಹಾಕಿ ಲೈಟ್ ಆರಿಸಿದ ಮೇಲೆ ಆಹಾ, ಎಂಥ ಕತ್ತಲೆ! ಪರದೆಯ ಮೇಲೆ ಮುಖಗಳು ಇಷ್ಟಿಷ್ಟು ದೊಡ್ಡವು. ಎಲ್ಲ ಮಾತು ತಿಳಿಯಿತು. ನೋಡಿದಿರಾ, ಕಿವಿ ಸರಿ ಇವೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಇದ್ದಕ್ಕಿದ್ದಂತೆ ಸ್ನೇಹಲ ಮೊಬೈಲಿನ ಟಾರ್ಚನ್ನು ತನ್ನ ಮುಖಕ್ಕೇ ಹಿಡಿದುಕೊಂಡಳು.

“ಅಪ್ಪಾ, ಸಿನಿಮಾ ಬಂದ್ ಮಾಡಿ ಐದ್ ಸಲಾ ಕರೆದೆ. ನಿಮ್ಮ ಮಗ್ಗಲದಾಗ ಕುಂತೇನಿ.”

ಸಿನಿಮಾ ಬಂದ್? ಪರದೆಯ ಮೇಲೆ ಚಿತ್ರ ನಿಂತಿತ್ತು. ನಾಯಕಿಯ ಮುಖ ಹಾಗೇ ನಿಂತಿತ್ತು, ಅವಳು ಸುಮ್ಮನೆ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಲೈಟ್ ಹಾಕಿದರು. ಸ್ನೇಹಲ ಓಢಣಿಯಿಂದ ಬಾಯಿ ಮುಚ್ಚಿಕೊಂಡು ನನ್ನ ಎದುರು ನಿಂತಳು. ಬಟ್ಟೆ ಅಲುಗಾಡಿತು. ಏನೋ ಹೇಳಿದಳು. ಏನೂ ಇಲ್ಲ. ಮತ್ತೆ ಅಲುಗಾಡಿತು. ಏನೂ ಇಲ್ಲ.

“ಬಾಯಿ ಮುಚ್ಚಿಕೊಂಡ ಮಾತಾಡಿದ್ರ ಯಾವ ಮಗನಿಗೆ ತಿಳೀತೈತಿ?” ಎಂದು ಒದರಿದೆ.

ಸುಹಾಸ ತಲೆ ತಗ್ಗಿಸಿದ. ಅವಳು ಹೇಳಿದ್ದು ಅವನಿಗೆ ತಿಳಿದಿತ್ತು. ಕಮಲಾಳಿಗೂ ತಿಳಿದಿತ್ತು. ಸ್ನೇಹಲ ಓಢಣಿ ತೆಗೆದಳು, ಅಳುತ್ತಿದ್ದಳು.

ಫೆಬ್ರವರಿ 24, ಸೋಮವಾರ

ಇಪ್ಪತ್ನಾಲ್ಕು ಮಗ್ಗ ಬಡಿಯುವ ಶೆಡ್ಡಿನಲ್ಲಿ ಯಾರು ಯಾರ ಮಾತು ಕಿವಿಯಿಂದ ಕೇಳುತ್ತಾರೆ? ಅಲ್ಲಿ ಎಲ್ಲರೂ ತುಟಿ ನೋಡುವವರೇ. ಆರು ಮಗ್ಗದ ಆಚೆ ನಿಂತು ಅಣ್ಣಾಸಾಬ ‘ಚಹಾ ಬಂದೈತ್ರಿ’ ಎಂದರೆ ನನಗೆ ತಿಳಿಯುತ್ತಿತ್ತು. ನಮ್ಮ ಮಾಲಕರ ಕಿವಿ ಎಂದರೆ ಕಿವಿ ಎನ್ನುತ್ತಿದ್ದರು. ನಾನೂ ನಂಬಿದೆ. ಮೂವತ್ತು ವರ್ಷ ಕಣ್ಣಿನಿಂದ ಕೇಳಿ, ಕಿವಿಯಿಂದ ಕೇಳಿದೆ ಎಂದುಕೊಂಡೆ. ಕತ್ತಲೆ ಕೋಣೆ ಕಟ್ಟಿಕೊಂಡ ಮೇಲೆ ಗೊತ್ತಾಯಿತು. ಅದೂ ನನ್ನ ಕೈಯಾರೆ ಕಟ್ಟಿದ್ದು.

ನಾಚಿಕೆಯಾಗುತ್ತದೆ. ಸಿಟ್ಟೂ ಬರುತ್ತದೆ. ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಮಾರ್ಚ್ 4, ಮಂಗಳವಾರ

ಇವತ್ತು ಲಕ್ಷ್ಯ ಕೊಟ್ಟು ನೋಡಿದೆ. ಕಮಲಾ ನನ್ನನ್ನು ಹಿಂದಿನಿಂದ ಕರೆಯುವುದೇ ಇಲ್ಲ. ಒಲೆಯ ಮುಂದಿನಿಂದ ಎದ್ದು, ಕೈ ಒರೆಸಿಕೊಂಡು, ಸುತ್ತಿ ಬಂದು, ಎದುರಿಗೆ ನಿಂತು ಊಟಕ್ಕೆ ಕರೆಯುತ್ತಾಳೆ. ರಾತ್ರಿ ಏನಾದರೂ ಹೇಳುವುದಿದ್ದರೆ ಮೊದಲು ಲೈಟ್ ಹಾಕುತ್ತಾಳೆ. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದೆ.

“ಸ್ನೇಹಲನ ಲಗ್ನಕ್ಕಿಂತ ಮೊದ್ಲಿಂದ.”

ಲಗ್ನವಾಗಿ ಆರು ವರ್ಷ.

“ಮತ್ತ ಹೇಳಲಿಲ್ಲ ಯಾಕ?”

“ಹೇಳಿದ್ನೆಲ್ರಿ. ನೀವು ಟೀವಿ ಬದಲಿ ಮಾಡಿದ್ರಿ.”

ನಗು ಬಂತು ನನಗೆ. ಅವಳಿಗೂ ಬಂತು. ಬಹಳ ದಿನವಾಗಿತ್ತು ಇಬ್ಬರೂ ಕೂಡಿ ನಕ್ಕು.

ಸ್ನೇಹಲ ಮೀರಜಿನ ಕಿವಿ ಡಾಕ್ಟರರ ಅಪಾಯಿಂಟ್‌ಮೆಂಟ್ ತೆಗೆದಿದ್ದಾಳೆ. ಹತ್ತನೇ ತಾರೀಖು, ಸೋಮವಾರ.

ಮಾರ್ಚ್ 10, ಸೋಮವಾರ

ಹೋಗಲಿಲ್ಲ.

ಕಮಲಾ ಬಿಳಿ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದಳು. ಬುತ್ತಿ ಕಟ್ಟಿದ್ದಳು. ಒಂಬತ್ತಕ್ಕೆ ಬಸ್ಸು. ಎಂಟೂವರೆಗೆ ಥಿಯೇಟರಿನ ಕಾರ್ಪೆಟ್ ಬಂತು. ಅದನ್ನು ಇಳಿಸಿಕೊಳ್ಳುವವರು ಯಾರು? ಬರುವ ಸೋಮವಾರ ಹೋದರಾಯಿತು, ಕಿವಿ ಎಲ್ಲಿಗೆ ಓಡಿಹೋಗುತ್ತವೆ ಎಂದೆ. ಕಾರ್ಪೆಟ್ ನೆಪ. ಡಾಕ್ಟರರ ಬಾಯಿಂದ ಕಿವುಡ ಅನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಇಲ್ಲಿಯಾದರೂ ಖರೇ ಬರೆಯಬೇಕು.

ಅವಳು ಬುತ್ತಿ ಬಿಚ್ಚಿ ಇಬ್ಬರಿಗೂ ತಾಟಿಗೆ ಹಾಕಿದಳು.

ಮಾರ್ಚ್ 21, ಶುಕ್ರವಾರ. ಮೀರಜ್

ಆಸ್ಪತ್ರೆಯ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸ್ನೇಹಲ ಒಳಗಿದ್ದಾಳೆ.

ಬುಧವಾರ, ಹನ್ನೆರಡನೇ ತಾರೀಖು. ಮಧ್ಯಾಹ್ನ ಊಟವಾದ ಮೇಲೆ ಕಾರ್ಪೆಟ್ ಹಾಸಲು ಕುಳಿತೆ. ಅಣ್ಣಾಸಾಬನ ಮನೆಯವರೆಲ್ಲ ಲಗ್ನಕ್ಕೆಂದು ಕಾಗವಾಡಕ್ಕೆ ಹೋಗಿದ್ದರು. ಕಮಲಾ ಅಡುಗೆಮನೆಯಲ್ಲಿ. ಒಂದೂವರೆ ಆಗಿರಬೇಕು. ಮೂಲೆ ಕತ್ತರಿಸುವುದು, ಗೋಂದು ಹಚ್ಚುವುದು, ಒತ್ತುವುದು. ಕೆಲಸ ಚೆನ್ನಾಗಿ ಬರುತ್ತಿತ್ತು. ನಾಲ್ಕಕ್ಕೆ ಚಹಾ ಕೇಳೋಣವೆಂದು ಎದ್ದೆ.

ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದಳು. ಬಲಗೈ, ಬಲಗಾಲು ಸತ್ತ ಹಾಗೆ. ಎಡಗೈಯಲ್ಲಿ ತಂಬಿಗೆ. ನೆಲದ ಫರ್ಸಿಗೆ ಬಡಿದು ಬಡಿದು ತಂಬಿಗೆಯ ಬುಡ ಒಳಗೆ ಹೋಗಿತ್ತು. ಕಣ್ಣು ತೆರೆದಿದ್ದವು. ನನ್ನ ಕಡೆಗೇ ನೋಡುತ್ತಿದ್ದಳು.

ಆಂಬ್ಯುಲೆನ್ಸ್ ಬಂದು, ಇಲ್ಲಿಗೆ ಮುಟ್ಟುವಷ್ಟರಲ್ಲಿ ಆರೂ ಕಾಲು. ಡಾಕ್ಟರರು ಹೇಳಿದ್ದನ್ನು ಸ್ನೇಹಲ ಕಾಗದದ ಮೇಲೆ ಬರೆದು ತೋರಿಸಿದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ನಾಲ್ಕು ತಾಸಿನೊಳಗೆ ಬಂದಿದ್ದರೆ ಇಂಜೆಕ್ಷನ್ ಕೊಡಬಹುದಿತ್ತು.

ಮಾರ್ಚ್ 25, ಮಂಗಳವಾರ. ಮೀರಜ್

ನೋಡಲು ಬಂದವರೆಲ್ಲ ಆ ಕೋಣೆಯನ್ನೇ ಬೈಯುತ್ತಾರೆ. ಅಣ್ಣಾಸಾಬ ನನ್ನ ಕೈ ಹಿಡಿದುಕೊಂಡು ಅತ್ತ.

“ನಿಮ್ಮದೇನೂ ತಪ್ಪಿಲ್ರಿ ಮಾಲಕರ. ಇಪ್ಪತ್ತೆರಡು ಕೌದಿ ಬಡದೇವಿ ಗ್ವಾಡಿಗೆ. ಒಳಗ ಕುಂತಾವರಿಗೆ ಬಾಂಬ್ ಒಡದ್ರೂ ಕೇಳ್ಸೂದಿಲ್ಲ. ನಾನ ಮಾಡಿದ ಪಾಪ ಇದು.”

ಅವನು ಅಳುವುದನ್ನು ನೋಡುತ್ತ ಸುಮ್ಮನೆ ನಿಂತೆ.

ಬಾಗಿಲು ತೆರೆದಿತ್ತು. ಹನ್ನೆರಡರಿಂದ ಐದರವರೆಗೆ ಕರೆಂಟ್ ಇರಲಿಲ್ಲ. ಕಿಟಕಿ ಮುಚ್ಚಿದ ಕೋಣೆ, ಬಾಗಿಲು ಹಾಕಿದರೆ ನನ್ನ ಕೈ ನನಗೆ ಕಾಣುವುದಿಲ್ಲ. ಬೆಳಕಿಗೆಂದೇ ಬಾಗಿಲು ಪೂರ್ತಿ ತೆರೆದು, ಅದಕ್ಕೆ ಬೆನ್ನು ಮಾಡಿ ಕುಳಿತಿದ್ದೆ. ಸಿನಿಮಾ ಇಲ್ಲ, ಫ್ಯಾನ್ ಕೂಡ ಇಲ್ಲ. ಮನೆಯಲ್ಲಿ ಅವಳ ತಂಬಿಗೆಯ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಅಡುಗೆಮನೆಯ ಹೊಸ್ತಿಲಿನಿಂದ ನನಗೆ ಹದಿನೈದು ಹೆಜ್ಜೆ. ಅವಳಿಗೆ ನನ್ನ ಬೆನ್ನು ಕಾಣುತ್ತಿತ್ತು.

ಮಾರ್ಚ್ 27, ಗುರುವಾರ. ಮೀರಜ್

ಕಮಲಾಳಿಗೆ ಸ್ವಲ್ಪ ಮಾತು ಬಂದಿದೆ. ತೊದಲು. ಸ್ನೇಹಲ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿ ಎಲ್ಲ ತಿಳಿದುಕೊಳ್ಳುತ್ತಾಳೆ.

ಇವತ್ತು ಸುಹಾಸ ಅನುಮಾನದಿಂದ ಕೇಳಿದನಂತೆ — ಕರೆಂಟ್ ಇಲ್ಲದಾಗ ಮಾವ ಬಾಗಿಲು ಹಾಕಿಕೊಂಡು ಕತ್ತಲೆಯಲ್ಲಿ ಏನು ಮಾಡುತ್ತಿದ್ದರು? ಸ್ನೇಹಲ ತಾಯಿಯನ್ನೇ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ತುಟಿ ಬಿಡಿಸಿ ಬಿಡಿಸಿ ಹೇಳಿದಳು.

“ಬಾಗಲಾ ಹಾಕಿತ್ತಂತ ಅಪ್ಪಾ. ಅವ್ವಾ ಹೇಳಾಕತ್ತಾಳ. ಟಾರ್ಚ್ ಹಚಗೊಂಡ ಕುಂತಿದ್ರಂತ. ಮನಸಿಗೆ ಹಚಗೋಬ್ಯಾಡ್ರಿ ಇನ್ನ.”

ಕಮಲಾಳ ಮುಖ ನೋಡಿದೆ. ಅವಳು ಗೋಡೆಯ ಕಡೆ ತಿರುಗಿದಳು.

ಜೀವನದಲ್ಲಿ ಸುಳ್ಳು ಹೇಳಿದವಳಲ್ಲ.

ಏಪ್ರಿಲ್ 1, ಮಂಗಳವಾರ. ಮೀರಜ್

ಕೊನೆಗೂ ಕಿವಿ ತೋರಿಸಿದೆ. ಅದೇ ಆಸ್ಪತ್ರೆ, ಮೇಲಿನ ಮಹಡಿ. ನರಗಳೇ ಸತ್ತಿವೆಯಂತೆ. ಮಷೀನು ಹಾಕಿದರೂ ಗದ್ದಲ ಕೇಳಿಸೀತು, ಮಾತು ಬಿಡಿಸಿ ಕೇಳಿಸುವುದು ಕಷ್ಟ. ಹಾಕಿಸಿದೆ. ಮೊದಲು ಕೇಳಿಸಿದ್ದು ಒಂದು ಸ್ಟೀಲ್ ತಾಟು ಬಿದ್ದ ಸದ್ದು.

ಏಪ್ರಿಲ್ 6, ರವಿವಾರ, ಸಂಜೆ 6:30

ಮನೆಗೆ ಬಂದು ಮೂರು ದಿನ. ಸುಹಾಸ ಆ ಕೋಣೆಗೆ ಬೀಗ ಹಾಕಿದ್ದಾನೆ. ಸ್ನೇಹಲ ಇವತ್ತು ಬೆಳಿಗ್ಗೆ ರಾಯಬಾಗಕ್ಕೆ ಹೋದಳು, ಬುಧವಾರ ಬರುತ್ತಾಳೆ. ಮೊದಲ ಸಲ ನಾವಿಬ್ಬರೇ.

ಕಮಲಾಳ ಬಾಯಿ ಎಡಕ್ಕೆ ಎಳೆದಿದೆ. ಬಲಗಡೆಯ ತುಟಿ ಏಳುವುದೇ ಇಲ್ಲ. ಮಷೀನಿನಲ್ಲಿ ಬರೀ ಗೊರಗೊರ ಸದ್ದು. ಮೂವತ್ತೊಂದು ವರ್ಷ ನೋಡಿದ ತುಟಿ, ಈಗ ಒಂದಕ್ಷರ ಸಿಗುವುದಿಲ್ಲ. ಊರಲ್ಲಿ ಯಾರ ಮಾತು ಬೇಕಾದರೂ ತಿಳಿಯುತ್ತದೆ ನನಗೆ. ಇವಳದೊಬ್ಬಳದೇ ತಿಳಿಯುವುದಿಲ್ಲ.

ಹೊತ್ತು ಇಳಿಯುವ ಮೊದಲು ಗಂಜಿ ಕುಡಿಸಿದೆ. ಬಾಯಿ ಒರೆಸಿದೆ. ಏನೋ ಹೇಳಿದಳು. ನೀರು ಬೇಕೇ? ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಮಗ್ಗಲು ಬದಲಿಸಲೇ? ಅಲ್ಲ. ಸ್ನೇಹಲಳಿಗೆ ವಿಡಿಯೋ ಕಾಲ್ ಹಚ್ಚಿದೆ, ಅವಳಾದರೂ ಕೇಳಿ ಹೇಳಲೆಂದು. ರಿಂಗ್ ಆಗುವುದರೊಳಗೆ ಕಮಲಾ ಎಡಗೈಯಿಂದ ಫೋನ್ ಕಸಿದುಕೊಂಡಳು. ಬಂದ್ ಮಾಡಲು ಬಾರದೆ, ಹಾಸಿಗೆಯ ಮೇಲೆ ಕೆಳಮುಖ ಒತ್ತಿ ಹಿಡಿದಳು.

ಮಗಳು ಕೇಳಬಾರದ ಮಾತು. ನನಗೊಬ್ಬನಿಗೇ ಹೇಳುವ ಮಾತು.

ಬಾಗಿಲಿನದೇ ಇರಬೇಕು. ಎಷ್ಟು ಸಲ ಕರೆದೆ ಎಂದೋ. ಯಾಕೆ ಸುಳ್ಳು ಹೇಳಿದೆ ಎಂದೋ. ಬೈಗುಳವೋ, ಮಾಫಿಯೋ. ನಾಲ್ಕು ಸಲ ಹೇಳಿದಳು. ಒಂದೊಂದು ಸಲವೂ ಹಿಂದಿನದಕ್ಕಿಂತ ನಿಧಾನ, ಬೆವರು ಒಡೆಯುವಷ್ಟು ಕಷ್ಟಪಟ್ಟು. ಅವಳ ಆ ಕಷ್ಟ ನೋಡಲಾಗದೆ ‘ಹೂಂ’ ಅಂದುಬಿಟ್ಟೆ. ತಿಳಿದವನ ಹಾಗೆ.

ಅವಳ ಮುಖ ಹೇಗೋ ಆಯಿತು. ಹೂಂ ಅನ್ನುವ ಮಾತಲ್ಲ ಅದು. ಕಣ್ಣಲ್ಲಿ ನೀರು ಬಂತು, ನಾನು ಹಿಡಿದ ಕೈ ಕೊಸರಿಕೊಂಡಳು.

ಇಲ್ಲೇ, ಅವಳ ಎದುರಿಗೇ ಕುಳಿತು ಬರೆಯುತ್ತಿದ್ದೇನೆ. ತಲೆ ಎತ್ತಲು ಧೈರ್ಯವಿಲ್ಲ. ಮಷೀನಿನಲ್ಲಿ ಮತ್ತೆ ಗೊರಗೊರ. ಐದನೇ ಸಲ. ಅವಳು ನನ್ನನ್ನು ಕರೆಯುತ್ತಿದ್ದಾಳೆ.