ಹಾಲು ಉಕ್ಕಿದೆ

ಮಾರ್ಚ್ 4
ರಫ್ತಿಗೆ ಹೊರಟ ಆರು ಪೆಟ್ಟಿಗೆಗಳ ಕಾಗದಪತ್ರ ಮುಗಿಯಿತು. ಗಿಡ ಸವರುವ ಚಾಕು, ಮರದ ಹಿಡಿ. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಕೊನೆಗೆ ಮೂಲದ ಪತ್ರ. ಸರಕು ಈ ದೇಶದ್ದೇ ಎಂಬ ಮಾತು ಅದು. ಇದ್ದರೆ ವ್ಯಾಪಾರ ಒಪ್ಪಂದವಿರುವ ದೇಶಗಳಲ್ಲಿ ಸುಂಕವಿಲ್ಲ. ಇಷ್ಟು ವರ್ಷ ಅದಕ್ಕೆ ಸರ್ಕಾರಿ ಕಚೇರಿಯ ಮುದ್ರೆ ಬೇಕಿತ್ತು. ಇನ್ನು ಬೇಡ. ರಫ್ತು ಮಾಡುವವರೇ ಬರೆದು ಸಹಿ ಹಾಕಿದರಾಯಿತು. ಭಾವ — ಅಕ್ಕನ ಗಂಡ, ಕಾರ್ಖಾನೆಯ ಯಜಮಾನರು — ಸಹಿಗೆ ನನ್ನ ಹೆಸರು ಕೊಟ್ಟಿದ್ದಾರೆ.
ಮುದ್ರೆಯ ಮೇಲಿನ ಹಳೆಯ ಸಾಲು: ‘ದೃಢೀಕರಿಸಲಾಗಿದೆ’. ಹೊಸ ನಮೂನೆಯಲ್ಲಿ: ‘ಘೋಷಿಸುತ್ತೇನೆ’.
ಸುಮ್ಮನೆ ಕಣ್ಣಿಗೆ ಬಿತ್ತು.

ಮಾರ್ಚ್ 5
ಹೆಂಡತಿಗೆ ಹೇಳಿದರೆ ನಕ್ಕಳು.
“ಮನೇಲೂ ನೀವು ಹಾಗೇ ಅಲ್ವಾ? ಮೊನ್ನೆ ಒಲೆ ಮುಂದೆ ನಿಂತ್ಕೊಂಡೇ ಏನಂದ್ರಿ — ‘ಹಾಲು ಉಕ್ಕಿದೆ’. ಉಕ್ಕಿಸಿದ್ದು ಯಾರು ಅಂತ ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲನೂ ಗೊತ್ತಾಗಿಲ್ಲ ನಂಗೆ.”


ಮಾರ್ಚ್ 19
ಎರಡು ವಾರ, ನಾಲ್ಕು ಸಹಿ. ಕೈಗೆ ರೂಢಿಯಾಗಿದೆ.
ಇಂದು ಏನೋ ಕೇಳಲು ಕೆಳಗಿನ ಶೆಡ್ಡಿಗೆ ಹೋದೆ. ಅಲಗು ಬಡಿಯುವ ಕುಲುಮೆ ತಣ್ಣಗಿತ್ತು. ಅದರ ಮೇಲೆ ರಟ್ಟಿನ ಡಬ್ಬಗಳು. ತೆರೆದಿದ್ದ ಒಂದರಲ್ಲಿ ಎಣ್ಣೆಕಾಗದದೊಳಗೆ ಸಾಲಾಗಿ ಮಲಗಿದ ಅಲಗುಗಳು. ಡಬ್ಬದ ಮೇಲೆ ಒಪ್ಪಂದದಲ್ಲೇ ಇಲ್ಲದ ದೇಶದ ಹೆಸರು.
ಹಿಡಿ ಕೂರಿಸುವ ಮೇಸ್ತ್ರಿ ತಲೆಯೆತ್ತದೆ ಹೇಳಿದ: “ಕುಲುಮೆ ನಿಂತು ತಿಂಗಳ ಮೇಲಾಯ್ತಲ್ಲ ಸಾರ್. ಮಹಡಿ ಮೇಲೆ ಯಾರೂ ಹೇಳಿಲ್ವಾ?”
ಯಾರೂ ಹೇಳಿಲ್ಲ. ಕೇಳಿಯೂ ಇರಲಿಲ್ಲ.

ಮಾರ್ಚ್ 20
ನಿಯಮ ಮತ್ತೆ ಓದಿದ್ದಾಯಿತು. ಹೊರಗಿನ ಅಲಗಿಗೆ ಇಲ್ಲಿ ಹಿಡಿ ಕೂರಿಸಿದರೆ ಚಾಕು ಇಲ್ಲಿಯದಾಗುವುದಿಲ್ಲ. ಜೋಡಿಸುವುದು, ಒರೆಸುವುದು, ಡಬ್ಬಕ್ಕೆ ತುಂಬುವುದು — ಇವು ಲೆಕ್ಕಕ್ಕೆ ಬಾರದ ಕೆಲಸಗಳು. ಹಾಗೇ ಬರೆದಿದೆ.
ಮೇಸ್ತ್ರಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿದ.
“ಅದನ್ನ ಬರೆದವರು ಹಿಡಿ ಇಲ್ದಿರೋ ಅಲಗು ಹಿಡ್ಕೊಂಡು ಒಂದು ಕೊಂಬೆ ಕಡೀಲಿ ಸಾರ್, ನೋಡೋಣ.”
ಮತ್ತೆ ಉಜ್ಜತೊಡಗಿದ.

ಮಾರ್ಚ್ 22
ಭಾವನ ಕೋಣೆ. ಮುಂದಿನ ಸರಕಿನ ಘೋಷಣೆ ಮೇಜಿನ ಮೇಲೆ.
“ಮರ ನಮ್ದು, ಕೈ ನಮ್ದು. ಅಲಗೊಂದು ಆಚೆಯದು. ಅಷ್ಟಕ್ಕೆ ತಲೆ ಕೆಡಿಸ್ಕೊಂಡು ಕೂತಿದ್ದೀಯಲ್ಲಯ್ಯಾ.”
“ಹಾಗಾದ್ರೆ ನೀವೇ ಸಹಿ ಹಾಕಿ, ಭಾವ.”
ಕಿಟಕಿಯ ಕಡೆ ನೋಡಿದರು. “ನಿನ್ನ ಹೆಸರು ರಿಜಿಸ್ಟರ್ ಆಗಿದೆಯಲ್ಲ.”
ಆಗಿದೆ. ಮಾಡಿದವರು ಯಾರೂ ಇಲ್ಲ. ಈ ಮನೆತನದ ವ್ಯಾಕರಣವೇ ಇದು.
ಬಾಗಿಲಲ್ಲಿದ್ದಾಗ ಹೇಳಿದರು: “ಸುಂಕ ಬಿದ್ರೆ ಆ ಗಿರಾಕಿ ನಿಲ್ಲಲ್ಲ. ಹಿಡಿ ಕೂರಿಸೋ ಎಂಟು ಜನಕ್ಕೆ ನೀನೇ ಹೋಗಿ ಹೇಳು.”

ಮಾರ್ಚ್ 23
ಅಕ್ಕನ ಫೋನ್. “ನಿಂಗೇನೋ ಆಗಿದೆಯಂತಲ್ಲೋ?”
ಏನೂ ಆಗಿಲ್ಲ ಅಂದೆ. ಆಮೇಲೆ ಇಬ್ಬರೂ ಅವಳ ಮಂಡಿನೋವಿನ ಬಗ್ಗೆ ಮಾತಾಡಿದೆವು.

ಮಾರ್ಚ್ 29
ಐದನೆಯ ಸರಕು ಘೋಷಣೆಯಿಲ್ಲದೆ ಹೋಯಿತು. ಸಹಿ ಹಾಕಲಿಲ್ಲ. ಭಾವ ಮಾತು ಬಿಟ್ಟಿದ್ದಾರೆ.
ಶೆಡ್ಡಿಗೆ ಹೋಗಿ ಎಂಟು ಜನಕ್ಕೂ ಹೇಳಿದೆ. ಯಾರೂ ಬೈಯಲಿಲ್ಲ; ಬೈದಿದ್ದರೆ ಹಗುರಾಗುತ್ತಿತ್ತು. ಮೇಸ್ತ್ರಿ ಮಾತ್ರ, “ಕುಲುಮೆ ಮತ್ತೆ ಹಚ್ಚಕ್ಕಾಗಲ್ವಾ ಸಾರ್?” ಎಂದ.
ಉಳಿದದ್ದು ಹಿಂದಿನ ನಾಲ್ಕು ಸಹಿ.

ಮಾರ್ಚ್ 30, ಬೆಳಿಗ್ಗೆ 6
ಗಿರಾಕಿಗೆ ಕಾಗದ. ಮೊದಲ ಸಾಲು ಹೀಗೆ ಬಂತು: ‘ಹಿಂದಿನ ನಾಲ್ಕು ಘೋಷಣೆಗಳಲ್ಲಿ ತಪ್ಪು ನುಸುಳಿರುವುದು ಕಂಡುಬಂದಿದೆ.’
ತಪ್ಪು ತಾನೇ ನುಸುಳಿತು. ತಾನೇ ಕಂಡೂ ಬಂತು.
ಹೆಂಡತಿ ಕಾಫಿ ಇಟ್ಟು, ಬಗ್ಗಿ ಓದಿದಳು. “ಹಾಲು ಉಕ್ಕಿದೆ,” ಅಂದು ಒಳಗೆ ಹೋದಳು.
ಹರಿದೆ. ಹೊಸ ಹಾಳೆ. ಮೊದಲು ಇಲ್ಲೇ ಬರೆದು ನೋಡುವುದು —
ನಾನು