ಪಾಯಪ್ಪನ ಕೊರಳ ಚೀಟಿ

ಗೋಕಾಕ, ಮೇ ೧೯೪೩

ತುಕ್ಕಾನಟ್ಟಿಯ ಮಹಾಪ್ರಭು ಪಾಯಪ್ಪನವರ ಸನ್ನಿಧಿಗೆ, ಸ್ಟ್ರೆಚರ್ ಹೊರುವ ಸೇವಕನ ವರದಿ.

ಇವತ್ತು ಗುಡ್ಡದಲ್ಲಿ ಮತ್ತೆ ಸುಳ್ಳು ಯುದ್ಧದ ಕವಾಯತು. ಗಾಯಾಳುಗಳಂತೆ ಮಲಗಿದವರ ಕೊರಳಲ್ಲಿ ಎಂದಿನಂತೆ ಗಾಯದ ಚೀಟಿಗಳಿದ್ದವು. ಒಬ್ಬ ಹೊಸಬನ ಚೀಟಿಯಲ್ಲಿ ‘ಸತ್ತಿದ್ದಾನೆ’ ಎಂದಿತ್ತು. ಅಂಥವರನ್ನು ಬಿಟ್ಟು ಮುಂದೆ ಹೋಗಬೇಕು. ನಾನು ನಾಡಿ ನೋಡಿ ಹೊತ್ತು ತಂದೆ.

“ಸತ್ತಾವನ್ನ ಯಾಕ ತಂದ್ಯೋ, ಮಂಗ್ಯಾ?” ಎಂದರು ಹವಾಲ್ದಾರರು.

“ಚೀಟಿ ಯಾರ ಬರದಾರೋ ಏನೋ, ಸಾಹೇಬ್ರ.”

ಎಲ್ಲರೂ ನಕ್ಕರು.

ಹೋದ ತಿಂಗಳು ನಿನ್ನ ‘ಕಾಲು ಮುರಿದಿದೆ’ ಚೀಟಿ ಬಿಚ್ಚಿ, ‘ಶ್ರೀಯುತರು ಸ್ವರ್ಗಸ್ಥರಾದರು’ ಎಂದು ಬರೆದು ಕಟ್ಟಿದಾಗ ನೀನೂ ನಕ್ಕಿದ್ದೆ. ಬಿಸಿಲಿನಲ್ಲಿ ನೀನು ನೀರು ಕೇಳಿದರೆ, “ಹೆಣಾ ಮಾತಾಡಬಾರದೋ” ಎಂದು ಎಲ್ಲರೂ ದಾಟಿ ಹೋದರಂತೆ. ಸಂಜೆ ಎತ್ತುವಷ್ಟರಲ್ಲಿ ಚೀಟಿ ಖರೆಯಾಗಿತ್ತು.

ಅದನ್ನು ಬರೆದವನನ್ನು ಇನ್ನೂ ಹುಡುಕುತ್ತಿದ್ದಾರೆ. ಈ ವರದಿಯ ಕೆಳಗೆ ಹೆಸರು ಹಾಕುವುದಿಲ್ಲ. ಕೈಬರಹ ನಿನಗೆ ಗೊತ್ತಿದೆ.