ಹೊರಗೆ ನಿಂತ ಅಣ್ಣ

ಎನ್.ಆರ್. ಮೊಹಲ್ಲಾ, ಮೈಸೂರು
೧೭ ಜುಲೈ ೨೦೨೪, ಬುಧವಾರ

ಪ್ರೀತಿಯ ಜ್ಞಾನಮೇರಿಗೆ,

ನಿನ್ನ ಮಂಡಿನೋವು ಹೇಗಿದೆ? ಹಾಸನದಲ್ಲಿ ಥಂಡಿ ಜಾಸ್ತಿಯಂತೆ, ಕಾಲಿಗೆ ಬೆಚ್ಚಗೆ ಏನಾದರೂ ಹಾಕಿಕೋ. ಬಾಣಂತಿ ಮಗಳನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಬಿ.ಪಿ. ಮಾತ್ರೆ ಮರೆಯಬೇಡ. ಮಗು ಯಾರ ಹಾಗಿದೆಯೆಂದು ಈಗಲಾದರೂ ಗೊತ್ತಾಯಿತೆ? ನನ್ನ ಊಟದ ಚಿಂತೆ ಬೇಡ, ಹೇಗೋ ಬೇಯಿಸಿಕೊಳ್ಳುತ್ತಿದ್ದೇನೆ. ಫೋನ್ ಮಾಡಿದರೆ ಮಗು ಅಳುತ್ತದೆ, ನೀನು ‘ಆಮೇಲೆ ಮಾಡ್ತೀನಿ ಕಣ್ರೀ’ ಎಂದು ಇಟ್ಟುಬಿಡುತ್ತೀಯೆ. ಹೇಳಬೇಕಾದ್ದು ಸ್ವಲ್ಪ ಉದ್ದವಿದೆ, ಅದಕ್ಕೇ ಈ ಕಾಗದ.

ಧರ್ಮೋಪದೇಶದ ತರಗತಿಗೆ ತಪ್ಪದೆ ಹೋಗುತ್ತಿದ್ದೇನೆ. ಅರವತ್ತೇಳರ ಮುದುಕ ಹೈಸ್ಕೂಲು ಮಕ್ಕಳ ಜೊತೆ ಹೇಗೆ ಕೂರುವುದೆಂದು ಹಿಂಜರಿದಾಗ ‘ಕಲಿಯೋಕೇನ್ರೀ ನಾಚಿಕೆ’ ಎಂದು ತಳ್ಳಿದವಳು ನೀನೇ. ಬಿಷಪರು ದೃಢೀಕರಣ ಕೊಡಲು ಬಂದ ವರ್ಷ ನಮ್ಮಪ್ಪ ತೀರಿಕೊಂಡರು, ನಾನು ಉಳಿ ಹಿಡಿದು ಮರಗೆಲಸಕ್ಕೆ ಕೂತೆ. ಕೂಸಾಗಿದ್ದಾಗ ಪಡೆದ ದೀಕ್ಷಾಸ್ನಾನವನ್ನು ಗಟ್ಟಿಮಾಡುವ ಆ ಸಂಸ್ಕಾರ ಹಾಗೇ ಬಾಕಿ ಉಳಿಯಿತು, ಈಗ ಅದಕ್ಕೇ ಈ ಪಾಠ. ನಮಗೆ ಕಲಿಸುವ ಪವಿತ್ರ ಟೀಚರ್ ನಮ್ಮ ಮಗಳಿಗಿಂತ ಚಿಕ್ಕವಳು. ಹೆಬ್ಬಾಳದ ಕಾರ್ಖಾನೆಯಲ್ಲಿ ಆರು ದಿನ ಶಿಫ್ಟು ದುಡಿದು, ಭಾನುವಾರ ಪೂಜೆ ಮುಗಿದ ಮೇಲೆ ಪಾಠ ಹೇಳುತ್ತಾಳೆ. ಪವಿತ್ರಾತ್ಮರ ಏಳು ವರಗಳಲ್ಲಿ ನನಗೆ ಆರೇ ನೆನಪಿರುವುದು, ಏಳನೆಯದನ್ನು ಹಿಂದಿನಿಂದ ಮಕ್ಕಳು ಪಿಸುಗುಟ್ಟುತ್ತಾರೆ. ತಂದೆ, ಮಗ, ಪವಿತ್ರಾತ್ಮ ಎಂದು ದಿನವೂ ಹಣೆ ಎದೆ ಮುಟ್ಟಿಕೊಂಡೆನೇ ಹೊರತು, ಮೂವರೂ ಒಬ್ಬರೇ ದೇವರು ಹೇಗೆಂದು ಇಷ್ಟು ವರ್ಷ ಯಾರನ್ನೂ ಕೇಳಿರಲಿಲ್ಲ. ಈಗ ಕೇಳುತ್ತೇನೆ. ಪೂರ್ತಿ ತಿಳಿಯಿತೆಂದು ಹೇಳಲಾರೆ, ಕೇಳುವುದರಲ್ಲೇ ಒಂದು ಸಂತೋಷವಿದೆ.

ಹೋದ ಭಾನುವಾರ ಯೇಸುಸ್ವಾಮಿ ಹೇಳಿದ ಇಬ್ಬರು ಮಕ್ಕಳ ಕಥೆ. ಮನೆ ಬಿಟ್ಟು ಹೋದ ಕಿರಿಯ ಮಗ ಎಲ್ಲ ಕಳೆದುಕೊಂಡು ಮರಳುತ್ತಾನೆ, ತಂದೆ ಓಡಿಹೋಗಿ ತಬ್ಬಿಕೊಂಡು ಹಬ್ಬದೂಟ ಮಾಡಿಸುತ್ತಾನೆ. ಕಥೆ ಅಲ್ಲಿಗೇ ಮುಗಿಯಿತೆಂದು ನಾನು ಕನ್ನಡಕ ತೆಗೆದಿದ್ದೆ. ಟೀಚರ್ ಮುಂದಕ್ಕೂ ಓದಿದಳು. ಹೊಲದಿಂದ ಬಂದ ಹಿರಿಯವನು ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ, ತಂದೆ ಅವನಿಗಾಗಿಯೂ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಒಂಬತ್ತನೇ ಕ್ಲಾಸಿನ ರೋಸಿ ಎದ್ದು ನಿಂತು, ‘ಟೀಚರ್, ಕೊನೆಗೆ ಅಣ್ಣ ಒಳಗೆ ಹೋದ್ನಾ?’ ಎಂದಳು. ‘ಅದನ್ನ ಬರೆದಿಲ್ಲ ಕಣಮ್ಮ. ಹೊರಗೆ ನಿಂತಿರೋರೇ ಹೇಳ್ಬೇಕು’ ಎಂದಳು ಟೀಚರ್. ಅವಳೇನೂ ನನ್ನನ್ನು ನೋಡಿ ಹೇಳಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ಆ ದಿನ ನೀನೂ ಇದ್ದೆಯಲ್ಲ. ನಾವಿಬ್ಬರೂ ವರ್ಷಗಟ್ಟಲೆ ಅವ್ವನ ಸೇವೆ ಮಾಡಿದೆವು. ಹೇಳದೆ ಕೇಳದೆ ಹೋಗಿ ಒಂಬತ್ತು ವರ್ಷ ಎಲ್ಲೆಲ್ಲೋ ಲಾರಿ ಓಡಿಸಿಕೊಂಡಿದ್ದ ನನ್ನ ತಮ್ಮ ಚಿನ್ನಪ್ಪ ಒಂದು ಮಧ್ಯಾಹ್ನ ಬಂದು ನಿಂತ. ಅವ್ವ ಹಾಸಿಗೆಯಿಂದ ಎದ್ದು ಕೂತು ಅವನಿಗೆ ಕೈತುತ್ತು ಕೊಟ್ಟಳು. ನಾನು ತಟ್ಟೆ ಸರಿಸಿ ಜಗಲಿಗೆ ಹೋದೆ. ‘ಅರುಳು, ಬಾರೋ, ಒಂದು ತುತ್ತು ತಿನ್ನೋ’ ಎಂದು ಎರಡು ಸಲ ಕರೆದಳು. ನಾನು ಹೋಗಲಿಲ್ಲ. ತಿಂಗಳೊಳಗೆ ಅವ್ವನನ್ನು ಮಣ್ಣು ಮಾಡಿದೆವು. ಅಲ್ಲಿಂದ ಇಪ್ಪತ್ತೆರಡು ವರ್ಷ ಚಿನ್ನಪ್ಪನ ಜೊತೆ ನಾನು ಮಾತಾಡಲಿಲ್ಲ.

ಮೊನ್ನೆ ಸೋಮವಾರ ಬೋಗಾದಿ ಬಸ್ಸು ಹತ್ತಿದೆ. ಅವನ ಮನೆಯ ಗುರುತನ್ನು ನೀನು ಎಷ್ಟೋ ಸಲ ಹೇಳಿದ್ದೆ, ನಾನು ಕೇಳಿಸಿಕೊಳ್ಳದವನ ಹಾಗೆ ಕೇಳಿಸಿಕೊಂಡಿದ್ದೆ. ಗೇಟಿನ ಹತ್ತಿರ ನಿಂತವನಿಗೆ ಚಿಲಕಕ್ಕೆ ಕೈ ಹೋಗಲಿಲ್ಲ. ಅವನ ಹೆಂಡತಿ ವಸಂತಮ್ಮ ನೋಡಿ, ‘ಅಯ್ಯೋ ಭಾವಾ, ಅಲ್ಯಾಕ್ ನಿಂತ್ರಿ, ಒಳಕ್ಕೆ ಬನ್ನಿ’ ಎಂದು ಓಡಿ ಬಂದಳು. ಹಿಂದೆಯೇ ಚಿನ್ನಪ್ಪ. ತಲೆಯೆಲ್ಲ ಬೆಳ್ಳಗಾಗಿದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ‘ಅವ್ವ ಕರೆದಾಗ ಬರ್ಲಿಲ್ಲ ಕಣೋ. ಈಗ ಬಂದ್ಬುಟ್ಟೆ’ ಎಂದೆ. ‘ಹೋಗ್ಲಿ ಬುಡಣ್ಣ. ನಾನೇ ಬರಬೇಕಿತ್ತು, ಧೈರ್ಯ ಆಗ್ಲಿಲ್ಲ’ ಎನ್ನುತ್ತಾ ಅವನು ಅತ್ತುಬಿಟ್ಟ. ನಾನೂ ಅತ್ತೆ.

ಊಟಕ್ಕೆ ಕೂತಾಗ ವಸಂತಮ್ಮ ಉಪ್ಪಿನಕಾಯಿಯ ಸ್ಟೀಲ್ ಡಬ್ಬಿ ತಂದಿಟ್ಟಳು. ಮುಚ್ಚಳದ ಮೇಲೆ ನಿನ್ನ ಹೆಸರು! ‘ಅಕ್ಕ ಪ್ರತಿ ಕ್ರಿಸ್‌ಮಸ್‌ಗೂ ಕಜ್ಜಾಯ ಕಳಿಸ್ತಾರೆ ಭಾವಾ. ಡಬ್ಬಿ ವಾಪಸ್ ತಂದ್ರೆ ನಿಮಗೆ ಗೊತ್ತಾಗ್ಬುಡುತ್ತೆ, ಅಲ್ಲೇ ಇಟ್ಕೋ ಅಂದ್ರು. ಇಂಥವು ಇನ್ನೂ ಹದಿನೈದು ಅವೆ’ ಎಂದಳು. ಮನೆಯ ಡಬ್ಬಿಗಳೆಲ್ಲ ಎಲ್ಲಿ ಹೋಗುತ್ತವೆಂದು ನಾನು ಕೂಗಾಡುತ್ತಿದ್ದುದು ನೆನೆದು, ಬಾಯಲ್ಲಿ ಅನ್ನವಿದ್ದಂತೆಯೇ ನಗು ಬಂತು. ಜ್ಞಾನಾ, ನಾನು ಮಾಡಬೇಕಿದ್ದನ್ನು ನೀನು ಇಷ್ಟು ವರ್ಷ ಸದ್ದಿಲ್ಲದೆ ಮಾಡಿದ್ದೀಯೆ. ನಿನಗೆ ಎದುರಿನಲ್ಲಿ ಕೃತಜ್ಞತೆ ಹೇಳಿ ನನಗೆ ಅಭ್ಯಾಸವಿಲ್ಲ. ಇಲ್ಲಿ ಹೇಳಿದ್ದೇನೆ, ಎರಡು ಸಲ ಓದಿಕೋ.

ಮಗಳು ಅಳಿಯನಿಗೆ ಆಶೀರ್ವಾದ. ಮಗುವಿನ ಹಣೆಗೆ ನನ್ನ ಪರವಾಗಿ ಶಿಲುಬೆಯ ಗುರುತು ಹಾಕು. ಮಾತೆ ಮರಿಯಮ್ಮನವರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ
ಅರುಳಪ್ಪ

ಮರೆತಿದ್ದೆ: ದೃಢೀಕರಣ ಆಗಸ್ಟ್ ೪ರ ಭಾನುವಾರ. ಆ ಹೊತ್ತಿನಲ್ಲಿ ಬೆನ್ನ ಹಿಂದೆ ನಿಂತು ಭುಜದ ಮೇಲೆ ಕೈಯಿಡಲು, ಮೊದಲೇ ದೃಢೀಕರಣ ಪಡೆದವರೊಬ್ಬರು ಬೇಕಂತೆ. ಚಿನ್ನಪ್ಪನಿಗೆ ಬೋರ್ಡಿಂಗ್ ಶಾಲೆಯಲ್ಲೇ ಆಗಿತ್ತು. ಅವನನ್ನೇ ಕೇಳಿದೆ, ಒಪ್ಪಿದ. ಎರಡು ದಿನದ ಮಟ್ಟಿಗಾದರೂ ಬಂದು ಹೋಗು. ಬಾಣಂತಿಯನ್ನು ನೋಡಿಕೊಳ್ಳಲು ಬೀಗಿತ್ತಿಯನ್ನು ನಾನೇ ಕೇಳಿಕೊಳ್ಳುತ್ತೇನೆ. ಅವನು ನನ್ನ ಹಿಂದೆ ನಿಂತಿರುವುದನ್ನು ನೀನು ಕಣ್ಣಾರೆ ನೋಡಬೇಕು.